ಮದುವೆಗೆ ಬಂದ ಹುಬ್ಬೇರಿಗರು

ಸಿನಿಮಾ ನೋಡುವ ಮೊದಲೇ ವಿಮರ್ಶೆ ಓದಿಬಿಡುವ ಚಟ ನನ್ನದು. ಊಟಕ್ಕೆ ಮುಂಚೆ ಬಿಲ್ಲು ಕೇಳುವವರ ಹಾಗೆ ಎಂದು ಮನೆಯಲ್ಲಿ ಹಂಗಿಸುತ್ತಾರೆ. ಆದರೆ ಕೆಲವು ಸಿನಿಮಾಗಳಿಗೆ ಸಿಕ್ಕ ವಿಮರ್ಶೆಯ ಕಥೆ ಸಿನಿಮಾದ ಕಥೆಗಿಂತ ರಸವತ್ತಾಗಿರುತ್ತದೆ. 2002ರ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’ ಅಂಥದ್ದು.

ಕಥೆಯೆಂದರೆ ಇಷ್ಟೇ: ಶಿಕಾಗೋದ ಗ್ರೀಕ್ ಮನೆತನದ ತೂಲಾ, ಗ್ರೀಕನಲ್ಲದ ಇಯಾನ್‌ನನ್ನು ಮೆಚ್ಚುತ್ತಾಳೆ, ಅಪ್ಪ ಮುಖ ಊದಿಸಿಕೊಳ್ಳುತ್ತಾನೆ, ಮದುವೆಯಾಗುತ್ತದೆ. ನಿಯಾ ವರ್ಡಾಲೋಸ್ ಇದನ್ನು ಮೊದಲು ರಂಗದ ಮೇಲೆ ಒಬ್ಬರೇ ಆಡಿದ್ದರು. ತಾಯಿಯ ಕಡೆಯಿಂದ ಗ್ರೀಕರೇ ಆದ ರೀಟಾ ವಿಲ್ಸನ್ ನೋಡಿ ಮರುಳಾಗಿ, ಗಂಡ ಟಾಮ್ ಹ್ಯಾಂಕ್ಸ್ ಜತೆ ನಿರ್ಮಾಣಕ್ಕಿಳಿದರು. ಖರ್ಚು ಸುಮಾರು 50 ಲಕ್ಷ ಡಾಲರ್. ಹಾಲಿವುಡ್‌ಗೆ ಅದು ಚಿಲ್ಲರೆ ಕಾಸು. ವರ್ಡಾಲೋಸ್‌ರ ಆಗಿನ ಗಂಡ ಇಯಾನ್ ಗೊಮೆಜ್‌ರಿಗೆ ಸಿನಿಮಾದಲ್ಲಿ ಸಿಕ್ಕಿದ್ದು ವರನ ಗೆಳೆಯನ ಪಾತ್ರ. ಸ್ವಂತ ಕಥೆಯಲ್ಲೂ ಗಂಡನಿಗೆ ಗಂಡನ ಪಾತ್ರ ಖಾತ್ರಿಯಿಲ್ಲ ನೋಡಿ!

ಇನ್ನು ವಿಮರ್ಶಕರು. ಅವರನ್ನು ಹುಬ್ಬೇರಿಗರು ಎನ್ನೋಣ. ರೋಜರ್ ಎಬರ್ಟ್‌ರಂಥವರು ಮೆಚ್ಚಿದರು. ಹುಬ್ಬೇರಿಸಿದವರದು ಮಾತ್ರ ಒಂದೇ ರಾಗ: ಇದು ಟೀವಿ ಧಾರಾವಾಹಿಯ ಸರಕು, ಗ್ರೀಕರೆಂದರೆ ಗದ್ದಲ ಮತ್ತು ಊಟ ಎಂಬ ಸವಕಲು ನಗೆ. ನಿರ್ದೇಶಕ ಜೋಯೆಲ್ ಜ್ವಿಕ್ ಟೀವಿಯಲ್ಲೇ ಪಳಗಿದವರು, ಆದ್ದರಿಂದ ಆಪಾದನೆಯನ್ನು ತಳ್ಳಿಹಾಕುವಂತೆಯೂ ಇಲ್ಲ.

ನಾನು ಮಾತ್ರ ಆ ಕೇಕಿನಲ್ಲಿ ಸಿಕ್ಕಿಕೊಂಡಿದ್ದೇನೆ. ಬೀಗಿತ್ತಿ ನಡುವೆ ತೂತಿರುವ ಕೇಕ್ ತರುತ್ತಾಳೆ. ತೂಲಾಳ ತಾಯಿಗೆ ಗಾಬರಿ: ಕೇಕಿಗೆ ತೂತು! ಸ್ವಲ್ಪ ಹೊತ್ತಿಗೆ ಆ ತೂತಿನೊಳಗೆ ಪುಟ್ಟ ಹೂಕುಂಡವೊಂದನ್ನು ಕೂರಿಸಿ, ಮಾನ ಉಳಿಸಿದ ಹೆಮ್ಮೆಯಲ್ಲಿ ಹೊರಗೆ ತರುತ್ತಾಳೆ. ಬೀಗಿತ್ತಿಯ ಮುಖ ನೋಡಬೇಕು! ಯಾರೂ ಯಾರನ್ನೂ ಅವಮಾನಿಸಲಿಲ್ಲ, ಯಾರಿಗೂ ಏನೂ ಅರ್ಥವಾಗಲಿಲ್ಲ. ಎರಡು ಸಂಸ್ಕೃತಿಗಳ ಬೀಗತನ ಇದಕ್ಕಿಂತ ಹೆಚ್ಚೇನು? ಸವಕಲೇ ಇರಬಹುದು. ಆದರೆ ಸವೆದ ಮೆಟ್ಟಿಲು ಎಂದರೆ ಬಹಳ ಜನ ಹತ್ತಿಳಿದದ್ದು ಎಂದೂ ಆಯಿತಲ್ಲ.

ಜನರೂ ಅವಸರಪಡಲಿಲ್ಲ. ಬಾಯಿಂದ ಬಾಯಿಗೆ ಹರಡಿ, ಸಿನಿಮಾ ತಿಂಗಳುಗಟ್ಟಲೆ ಓಡಿತು. ಅಮೆರಿಕದ ವಾರಾಂತ್ಯದ ಗಳಿಕೆ ಪಟ್ಟಿಯಲ್ಲಿ ಒಮ್ಮೆಯೂ ಮೊದಲ ಸ್ಥಾನಕ್ಕೇರದೆ ಉತ್ತರ ಅಮೆರಿಕವೊಂದರಲ್ಲೇ 24 ಕೋಟಿ ಡಾಲರ್ ದಾಟಿತು. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಬಂತು.

ತಮಾಷೆ ಮುಂದಿದೆ. ಟೀವಿ ಸರಕು ಎಂದರಲ್ಲ, 2003ರಲ್ಲಿ ಅದನ್ನು ನಿಜಕ್ಕೂ ಟೀವಿಗೆ ಒಯ್ದರು. ಏಳೇ ಕಂತಿಗೆ ಮಗುಚಿತು! ಅದೇ ಬಂಧುಬಳಗ, ಅದೇ ಗದ್ದಲ. 2016ರ ಎರಡನೆಯ ಸಿನಿಮಾಕ್ಕೆ ಹುಬ್ಬುಗಳು ಇನ್ನೂ ಮೇಲೇರಿದವು, ಈ ಸಲ ನನ್ನವೂ ಸೇರಿ. ನೆಂಟಗದ್ದಲದ ಸೊಗಸೆಲ್ಲ ಇರುವುದು ಮಾರನೆಯ ದಿನ ಅವರು ಹೊರಟುಹೋಗುತ್ತಾರೆ ಎಂಬ ಭರವಸೆಯಲ್ಲಿ. ವಾರವಾರ ಬಂದರೆ ಗ್ರೀಕರೂ ಬಾಗಿಲು ಹಾಕಿಕೊಂಡಾರು.