ವಳ್ಳಿಯಮ್ಮನ ಮೊಮ್ಮಗ ಮತ್ತು ನಮ್ಮ ಗುಡ್ಡದ ಚೌಡಕಿ



ಇವತ್ತು ಒಂದು ರ‍್ಯಾಪ್ ಆಲ್ಬಂ ಬಗ್ಗೆ ಬರೀತೀನಿ. "ಈ ವಯಸ್ಸಿನಾಗ ನಿನಗ್ಯಾಕೋ ರ‍್ಯಾಪು" ಅನ್ನವರು ಅನ್ರಿ, ಆದ್ರ ಪೂರ್ತಿ ಓದಿ ಅನ್ರಿ. ಸ್ವಲ್ಪ ಉದ್ದ ಐತಿ.

ಆಲ್ಬಂ ಹೆಸರು 'ವಳ್ಳಿಯಮ್ಮ ಪೇರಾಂಡಿ'. ಹಾಡಿದವರು ತಮಿಳುನಾಡಿನ ಅರಿವು. 2024ರಲ್ಲಿ ಬಂದದ್ದು. ನನಗೆ ಇನ್ನೂ ಹೊಸದೇ, ಯಾಕಂದ್ರ ಉಗರಗೋಳದಿಂದ ಕಚೇರಿಗೆ ಹೋಗುವಾಗ ಬಸ್ಸಿನಾಗ ಕೇಳ್ತೀನಿ, ಕೇಳಿದಾಗೊಮ್ಮೆ ಒಂದು ಹೊಸ ಮಾತು ತಿಳಿತೈತಿ. ನನಗೆ ತಮಿಳು ಬರೋದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮ ಅಣ್ಣನ ಮಗನ ರೂಮಿನ್ಯಾಗ ಒಬ್ಬ ತಮಿಳು ಹುಡುಗ ಇದ್ದಾನ. ಅವನು ಅರ್ಥ ಹೇಳ್ತಾನ, ಇವನು ಅದನ್ನ ಕನ್ನಡದಾಗ ವಾಯ್ಸ್ ಮೆಸೇಜ್ ಮಾಡಿ ಕಳಸ್ತಾನ. ಹಿಂಗ ಎರಡು ಬಾಯಿ ದಾಟಿ ಬಂದ್ರೂ ಆ ಹಾಡಿನ ಬಿಸಿ ಆರೋದಿಲ್ಲ.

ಅರಿವು ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅರಕ್ಕೋಣಂ ಕಡೆಯ ಹುಡುಗ. ನಿರ್ದೇಶಕ ಪಾ. ರಂಜಿತ್ 2017ರಲ್ಲಿ ಕಟ್ಟಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ಹಾಡಿ ಬೆಳೆದವನು. 2019ರಲ್ಲಿ 'ತೆರುಕ್ಕುರಳ್' ಅಂತ ಆಲ್ಬಂ ಮಾಡಿದ. ತಿರುಕ್ಕುರಳ್ ಅಲ್ಲ, ತೆರುಕ್ಕುರಳ್, ಅಂದ್ರ ಬೀದಿಯ ದನಿ. 2021ರ 'ಎಂಜಾಯ್ ಎಂಜಾಮಿ' ನೀವೆಲ್ಲ ಕೇಳೀರಿ. ನಮ್ಮೂರ ಮದುವಿ ಡಿಜೆಯಾಗೂ ಬಂದಿತ್ತು. ಕುಣಿದವರಿಗೆ ಅದು ಭೂಮಿ ಇಲ್ಲದವರ ಹಾಡು, ಅದರಾಗ ಸತ್ತವರ ಮುಂದ ಅಳುವ ಒಪ್ಪಾರಿಯ ಧಾಟಿ ಐತಿ ಅಂತ ಗೊತ್ತಿರಲಿಲ್ಲ ಅಷ್ಟೇ.

ರ‍್ಯಾಪ್ ಅಂದ್ರ ನಮಗೆ ಹೊರಗಿನದು ಅನ್ನೋದನ್ನ ನಾನು ಒಪ್ಪೋದಿಲ್ಲ. ಹಿಪ್-ಹಾಪ್ ಹುಟ್ಟಿದ್ದು 1973ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನೋ ಬಡವರ ಕೇರಿಯಲ್ಲಿ, ಕರಿಯರ ಮನಿ ಹುಡುಗರಿಂದ. ಅದರ ಹಿಂದಿನ ವರ್ಷ, 1972ರಲ್ಲಿ, ಅದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ತಗೊಂಡು ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಎದ್ದಿತ್ತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಊರೂರು ತಿರುಗಿತು. ಇನ್ನು ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ನೋಡ್ರಿ. ಎರಡು ಮೇಳ ಎದುರಾ ಬದುರಾ ನಿಂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಬೆಳತನಕ ವಾದ. ಪ್ರಶ್ನೆನೂ ಪದದಾಗ, ಉತ್ತರಾನೂ ಪದದಾಗ, ಕೈಯಾಗ ದಪ್ಪು, ತುಂತುಣಿ. ಇದನ್ನ ಇವತ್ತಿನ ಹುಡುಗರು ರ‍್ಯಾಪ್ ಬ್ಯಾಟಲ್ ಅಂತಾರ. ನಮ್ಮ ಮುತ್ಯಾಗೋಳು ಟಿಕೆಟ್ ಇಲ್ಲದ ನೋಡಿ ಬಂದಾರ.

ಈಗ ಆಲ್ಬಂಗೆ ಬರ್ತೀನಿ. ಇದರ ಹಾಡಿಗಿಂತ ಮೊದಲು ನನಗೆ ಬಡಿದದ್ದು ಇದರ ಹೆಸರು. ಪೇರಾಂಡಿ ಅಂದ್ರ ಮೊಮ್ಮಗ. ವಳ್ಳಿಯಮ್ಮನ ಮೊಮ್ಮಗ. ವಳ್ಳಿಯಮ್ಮ ಅಂದ್ರ ಅವನ ಸ್ವಂತ ಅಜ್ಜಿ, ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಭಾರತಕ್ಕೆ ಬಂದ ಹೆಣ್ಣುಮಗಳು. ಯಾಕ ಈ ಹೆಸರು ಇಟ್ಟ ಅನ್ನೋದಕ್ಕ ಹಿಂದಿನ ಕಥಿ ಗೊತ್ತಿರಬೇಕು. 'ಎಂಜಾಯ್ ಎಂಜಾಮಿ' ಲೋಕಪ್ರಸಿದ್ಧ ಆದ ಮೇಲೆ 2021ರ ಆಗಸ್ಟ್‌ನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಮುಖಪುಟ ಮಾಡಿತು. ಅದರಾಗ ಅರಿವು ಇರಲಿಲ್ಲ. ಪಾ. ರಂಜಿತ್ ಪ್ರಶ್ನೆ ಮಾಡಿದರು, ಗದ್ದಲ ಆತು, ಆಮೇಲೆ ಅರಿವು ಫೋಟೋ ಹಾಕಿ ಡಿಜಿಟಲ್ ಮುಖಪುಟ ತಂದರು. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅದೇ ಹಾಡು ಮತ್ತೆ ಅವನಿಲ್ಲದೆ ನಡೀತು. ಹಾಡು ಬರೆದದ್ದು ನಾನು ಅಂತ ಅವನು ಬಾಯಿಬಿಟ್ಟು ಹೇಳಬೇಕಾತು. ಇದು ಎಲ್ಲರೂ ಕೂಡಿ ಮಾಡಿದ ಹಾಡು ಅಂತ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಹೇಳಿದರು. ಅದೇ ಸಂತೋಷ್ ನಾರಾಯಣನ್ 2024ರಲ್ಲಿ, ಆ ಹಾಡಿನಿಂದ ನಮ್ಮ ಯಾರಿಗೂ ಒಂದು ಪೈಸೆ ಬಂದಿಲ್ಲ ಅಂದರು. ಹಾಡು ಕೋಟಿ ಕೋಟಿ ಜನರಿಗೆ ಮುಟ್ಟಿತು, ಮಾಡಿದವರ ಮನಿಗೆ ಮುಟ್ಟಲಿಲ್ಲ.

ಹಿಂಗ ಹೆಸರಿಗಾಗಿ ಬಡಿದಾಡಿದ ಮನುಷ್ಯ ತನ್ನ ಆಲ್ಬಂಗೆ ತನ್ನ ಹೆಸರು ಇಡಲಿಲ್ಲ, ಅಜ್ಜಿ ಹೆಸರು ಇಟ್ಟ. ನಾನು ಇಂಥವರ ಮೊಮ್ಮಗ, ಬೇಕಾದ್ರ ಹಂಗ ಕರೀರಿ ಅಂದ. ಈ ಮಾತು ಉಗರಗೋಳದಾಗ ಕುಂತು ಕೇಳೋದಕ್ಕೂ ಬೇರೆ ಕಡೆ ಕೇಳೋದಕ್ಕೂ ಭಾಳ ಫರಕ್ ಐತಿ.

ಯಾಕಂದ್ರ ನಮ್ಮೂರು ಯಲ್ಲಮ್ಮನ ಗುಡ್ಡದ ಬುಡಕ್ಕ ಐತಿ. ನಮ್ಮ ಆಯಿ ಜೋಗವ್ವ. ಸಣ್ಣಾಕಿ ಇದ್ದಾಗ ಮುತ್ತು ಕಟ್ಟಿದ್ದರು. ಕೊರಳಾಗ ಮುತ್ತು, ತಲಿ ಮ್ಯಾಲೆ ಜಗ, ಬಗಲಾಗ ಚೌಡಕಿ. ಆಕಿ ಹಾಡಾಕತ್ತಿದ್ರ ಭಾರತ ಹುಣ್ಣಿಮಿ ಜಾತ್ರಿಗೆ ಬಂದ ಮಂದಿ ಚಕ್ಕಡಿ ನಿಲ್ಲಿಸಿ ಕೇಳ್ತಿದ್ದರು. ಪದಗಳಲ್ಲಿ ಅರ್ಧ ಪರಂಪರೆಯಿಂದ ಬಂದವು, ಅರ್ಧ ಆಕಿನೇ ಕಟ್ಟಿದವು. ನಾನು ಸಾಲಿ ಕಲಿಯುವಾಗ ಒಬ್ಬರು ಟೇಪ್ ರೆಕಾರ್ಡರ್ ತಂದು ಎರಡು ದಿನ ಹಾಡಿಸಿಕೊಂಡು ಹೋದರು. ಒಂದು ಸೀರಿ, ಐವತ್ತು ರೂಪಾಯಿ ಕೊಟ್ಟರು. ಮುಂದಿನ ಜಾತ್ರಿಯೊಳಗ ಕ್ಯಾಸೆಟ್ ಬಂತು. ಮ್ಯಾಲೆ ದೇವಿ ಫೋಟೋ, ಕೆಳಗ ಕಂಪನಿ ಹೆಸರು. ಹಾಡಿದಾಕಿ ಹೆಸರು ಎಲ್ಲೂ ಇಲ್ಲ. ಅಂಗಡಿಯಾಗ ತನ್ನ ದನಿ ಕೇಳಿ ಆಯಿ ನಿಂತು ನಕ್ಕಳಂತ. ರೊಕ್ಕ ಕೊಟ್ಟು ಒಂದು ಕ್ಯಾಸೆಟ್ ತಗೊಂಡು ಬಂದಳು. ಅದು ಈಗಲೂ ನಮ್ಮ ಮನಿ ಟ್ರಂಕಿನಾಗ ಐತಿ. ಅದರ ಮ್ಯಾಲೆ ನಾನು ಒಂದು ಚೀಟಿ ಅಂಟಿಸಿ ಆಕಿ ಹೆಸರು ಬರ್ದೀನಿ.

ಆ ಹೆಸರು ಇಲ್ಲಿ ಬರೀಬೇಕು ಅಂತ ಭಾಳ ಆಸೆ ಇತ್ತು. ಅವ್ವ ಬ್ಯಾಡ ಅಂದಳು. "ಫೇಸ್‌ಬುಕ್‌ನ್ಯಾಗ ನಮ್ಮವ್ವನ ಹೆಸರ ಹಾಕಬ್ಯಾಡೋ ಯಪ್ಪಾ. ಮನ್ಯಾಗ ಮೊಮ್ಮಕ್ಕಳ ಮದುವಿ ಅದಾವ." ನನಗೆ ಉತ್ತರ ಹೊಳೀಲಿಲ್ಲ. ಅವ್ವನ ಮಾತು ಮೀರೋ ಹಕ್ಕು ನನಗಿಲ್ಲ, ಆ ನೋವು ಉಂಡಾಕಿ ಅವಳು. ಅದಕ್ಕ ಇಲ್ಲಿ ಬರೀದಿಲ್ಲ. ಅರಿವು ಅಜ್ಜಿ ಹೆಸರನ್ನ ಆಲ್ಬಂ ಮ್ಯಾಲೆ ಬರೆದದ್ದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಪೂರಾ ತಿಳಿದದ್ದು ಆವಾಗ.

ಕೆಲವು ಗೆಳೆಯರದು ಒಂದು ತಕರಾರು ಐತಿ. 'ತೆರುಕ್ಕುರಳ್'ನಲ್ಲಿ ಇದ್ದ ಉರಿ ಇದರಾಗಿಲ್ಲ, ಕುಣಿತ ಜಾಸ್ತಿ ಆತು ಅಂತಾರ. ನನಗೆ ಹಂಗ ಅನಸೋದಿಲ್ಲ. ದಲಿತರು ಹಾಡಿದ್ರ ಬರೀ ಸಿಟ್ಟಿನಿಂದನೇ ಹಾಡಬೇಕು ಅಂತ ಯಾರು ಕಾನೂನು ಮಾಡ್ಯಾರ? ನಮ್ಮ ಹಲಗಿ ಹೆಣದ ಮುಂದೂ ಬಾರಸ್ತೈತಿ, ಮದುವಿ ಮುಂದೂ ಬಾರಸ್ತೈತಿ. ನಮಗೂ ಪ್ರೀತಿ ಐತಿ, ನಗು ಐತಿ, ಅಜ್ಜಿ ತೊಡಿ ಮ್ಯಾಲೆ ಮಲಗಿ ಕೇಳಿದ ಕಥಿ ಅದಾವ. ಅವನ್ನ ಹಾಡೋದೂ ಹೋರಾಟನೇ. ನನ್ನ ತಕರಾರು ಬೇರೆ. ಕೆಲವು ಕಡೆ ವಾದ್ಯದ ಅಬ್ಬರದಾಗ ಮಾತು ಮುಚ್ಚಿ ಹೋಗ್ತಾವು. ರ‍್ಯಾಪ್‌ನಲ್ಲಿ ಮಾತು ಕೇಳಿಸದಿದ್ರ ಏನು ಬಂತು? ನಮ್ಮ ಆಯಿ ಒಂದೇ ತಂತಿಯ ಚೌಡಕಿ ಇಟ್ಕೊಂಡು ಜಾತ್ರಿ ನಿಲ್ಲಸ್ತಿದ್ದಳು.

ಕನ್ನಡದಾಗ ರ‍್ಯಾಪ್ ಇಲ್ಲ ಅಂತಲ್ಲ. ಚಂದನ್ ಶೆಟ್ಟಿ, ಆಲ್ ಓಕೆ, ಎಂಸಿ ಬಿಜ್ಜು ಎಲ್ಲರನ್ನೂ ಕೇಳೀನಿ, ಚೊಲೋ ಹಾಡ್ತಾರ. ಆದ್ರ ನಾನು ಕೇಳಿದಷ್ಟರಾಗ ನಮ್ಮ ಕೇರಿ, ನಮ್ಮ ಗುಡ್ಡ, ನಮ್ಮ ಅವ್ವಂದಿರು ಬಂದದ್ದು ಕಡಿಮಿ. ಅದನ್ನ ಬೆಂಗಳೂರಿನವರು ಬರೀಲಿ ಅಂತ ಕಾಯೋದು ಬ್ಯಾಡ. ಅದು ನಮ್ಮ ಹುಡುಗರ ಕೆಲಸ.

ನಾನು ಕಚೇರಿಯೊಳಗ ಗುಮಾಸ್ತ. ಅರ್ಜಿ ನೋಡೋದೇ ನನ್ನ ಕೆಲಸ. ಎಲ್ಲಾ ಅರ್ಜಿಯಾಗೂ 'ತಂದೆಯ ಹೆಸರು' ಅಂತ ಒಂದು ಗೆರಿ ಇರ್ತೈತಿ. ಹಿಂದಿನ ಜೂನ್‌ನಾಗ ಒಂದು ಹುಡುಗಿ ಅಷ್ಟು ಬಿಟ್ಟು ಉಳಿದದ್ದೆಲ್ಲ ದುಂಡನೆ ಅಕ್ಷರದಾಗ ತುಂಬಿಕೊಂಡು ಬಂದಿದ್ದಳು. ಹಿಂದಿನವರಿಗೆ ಕೇಳಿಸದಂಗ ಸಣ್ಣ ದನಿಯಾಗ, "ಸರ್, ಇಲ್ಲಿ ಅವ್ವನ ಹೆಸರು ಬರದ್ರ ನಡಿತೈತ್ರಿ?" ಅಂದಳು. "ನಡಿತೈತಿ ತಂಗಿ, ಬರಿ" ಅಂದೆ. ಮುತ್ತು ಕಟ್ಟೋದನ್ನ 1982ರ ಕಾಯ್ದೆ ನಿಷೇಧ ಮಾಡೈತಿ. 2025ರಲ್ಲಿ ವಿಧಾನಸಭೆ ಪಾಸು ಮಾಡಿದ ಹೊಸ ಮಸೂದೆಯಲ್ಲಿ, ದೇವದಾಸಿಯರ ಮಕ್ಕಳಿಗೆ ತಂದೆ ಹೆಸರು ಬರೀ ಅಂತ ಒತ್ತಾಯ ಮಾಡಬಾರದು ಅಂತ ಐತಿ. ಕಾಗದದಾಗ ಬಂತು. ಇನ್ನ ಬಾಯಿಗೆ ಬರಬೇಕು. ಆ ಹುಡುಗಿ ಮುಂದಿನ ಸಲ ಅದೇ ಪ್ರಶ್ನೆಯನ್ನ ಗಟ್ಟಿ ದನಿಯಾಗ ಕೇಳಬೇಕು. ಕಾನೂನು ಅಷ್ಟು ದೂರ ಕರಕೊಂಡು ಹೋಗೋದಿಲ್ಲ, ಹಾಡು ಕರಕೊಂಡು ಹೋಗ್ತೈತಿ ಅಂತ ನನ್ನ ನಂಬಿಕಿ.

ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರ ಕಡೆಯ ನಮ್ಮ ತಮ್ಮಂದಿರಿಗೆ, ತಂಗ್ಯಾರಿಗೆ ಒಂದು ಮಾತು. ರೀಲ್ಸ್ ಮಾಡೋರು ಮಾಡ್ರಿ, ಬೀಟ್ ಹಾಕೋರು ಹಾಕ್ರಿ. ಈ ಸಲದ ಭಾರತ ಹುಣ್ಣಿಮಿಗೆ ಗುಡ್ಡಕ್ಕ ಬಂದಾಗ ಚೌಡಕಿ ಹಿಡಿದ ಒಬ್ಬ ಅಮ್ಮನ ಪದ ರೆಕಾರ್ಡ್ ಮಾಡ್ಕೊಳ್ಳೋದಾದ್ರ, ಮೊದಲು ಆಕಿನ್ನ ಕೇಳ್ರಿ. ಹೂಂ ಅಂದ್ರ ಮಾತ್ರ ಮಾಡ್ರಿ. ಹೆಸರು ಹಾಕಬಹುದಾ ಅಂತ ಕೇಳಿ, ಹಾಕು ಅಂದ್ರ ನಿಮ್ಮ ಹೆಸರಿನಕಿಂತ ಮ್ಯಾಲೆ ಹಾಕ್ರಿ. ರೊಕ್ಕ ಬಂದ್ರ ಅರ್ಧ ಆಕಿಗೆ ಮುಟ್ಟಸ್ರಿ. ಬರೆದದ್ದು ಇದ್ರ ನನಗೂ ಕಳಸ್ರಿ, ಬಸ್ಸಿನಾಗ ಕೇಳ್ತೀನಿ.

ಜೈ ಭೀಮ್.