ಸ್ವರಗಳು ಮನೆ ಬದಲಿಸಿದಾಗ

ಬಾಡಿಗೆಯ ಮನೆ ಬಿಡುವ ಸಂಕಟವನ್ನು ನಗರವಾಸಿಗಳಿಗೆ ವಿವರಿಸಬೇಕಾದುದಿಲ್ಲ. ಹುಣಸಮಾರನಹಳ್ಳಿಯಲ್ಲಿ ಪಿಟೀಲು ಕಲಿಸುವ ನನಗೆ ಆ ಸಂಕಟ ಗಣಕಯಂತ್ರದೊಳಗೇ ಒದಗಿತು. ವಿದೇಶದಲ್ಲಿರುವ ಶಿಷ್ಯರಿಗಾಗಿ ಕೀರ್ತನೆಗಳನ್ನು ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆಯಲು ನಾನು ‘ಫಿನಾಲೆ’ ಎಂಬ ತಂತ್ರಾಂಶವನ್ನು ನೆಚ್ಚಿದ್ದೆ. 35 ವರ್ಷ ಬಾಳಿದ ಅದನ್ನು ಇನ್ನು ಬೆಳೆಸುವುದಿಲ್ಲವೆಂದು ತಯಾರಕರು 2024ರ ಆಗಸ್ಟ್‌ನಲ್ಲಿ ಸಾರಿದರು.

ನನ್ನ ಹತ್ತು ವರ್ಷಗಳ ಬರಹವೆಲ್ಲ ಅದರಲ್ಲಿತ್ತು! ‘ಮ್ಯೂಸಿಕ್‌ಎಕ್ಸ್‌ಎಂಎಲ್’ ಎಂಬ ಸಾಮಾನ್ಯ ರೂಪಕ್ಕೆ ತಿರುಗಿಸಿ, ಎಲ್ಲವನ್ನೂ ಮತ್ತೊಂದು ತಂತ್ರಾಂಶಕ್ಕೆ ಸಾಗಿಸಿದೆ. ಸ್ವರವೂ ಕಾಲಪ್ರಮಾಣವೂ ಸುಖವಾಗಿ ಬಂದು ಸೇರಿದವು. ಗಮಕಗಳಿಗೆಂದು ನಾನೇ ಕಲ್ಪಿಸಿಕೊಂಡಿದ್ದ ಗುರುತುಗಳು ಮಾತ್ರ ದಾರಿಯಲ್ಲೇ ಉಳಿದವು.

ಆಗ ಸುಬ್ಬರಾಮ ದೀಕ್ಷಿತರು ನೆನಪಾದರು. 1904ರಲ್ಲಿ ಪ್ರಕಟವಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನೇ ಕೊಟ್ಟ ಮಹನೀಯರು ಅವರು. ಅಷ್ಟಾದರೂ ತೋಡಿಯ ಗಾಂಧಾರವನ್ನು ಎಷ್ಟು ತೂಗಬೇಕೆಂಬುದನ್ನು ಇಂದಿಗೂ ಗುರುಮುಖದಿಂದಲೇ ಕೇಳಿ ತಿಳಿಯಬೇಕು.

ಆದುದರಿಂದ ಕಳೆದುಹೋದ ಗುರುತುಗಳನ್ನು ಮತ್ತೆ ಬರೆಯುವ ಗೋಜಿಗೆ ನಾನು ಹೋಗಲಿಲ್ಲ. ಪ್ರತಿಯೊಂದು ಹಾಳೆಯೊಡನೆ ನನ್ನ ಪಿಟೀಲಿನ ನಾದವನ್ನೂ ಮುದ್ರಿಸಿ ಕಳುಹಿಸುತ್ತಿದ್ದೇನೆ. ಹಾಳೆ ನೋಡದೆ ಬಿಲ್ಲು ಹಿಡಿಯದಿದ್ದ ಶಿಷ್ಯೆಯೊಬ್ಬಳು ಈಗ ಮೊದಲು ಕಣ್ಣು ಮುಚ್ಚಿ ಕೇಳುತ್ತಾಳೆ; ಹಾಳೆಯನ್ನು ಬಿಡಿಸುವುದು ಆಮೇಲೆ.