ನಮ್ಮನೆ ಗುಂಡ

"ಏನೋ ಇದು, ಮಿಸ್ಸಿಂಗ್ ಹೊಡೀತಿದೆಯಲ್ಲೋ! ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಗುಂಡನ ಸದ್ದು ಮೊದಲ ಸಲ ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ. ನಾನೋ, ನಾಲ್ಕು ವರ್ಷ ಬಚ್ಚಿಟ್ಟಿದ್ದ ಮಾಲು ಸಿಕ್ಕಿಬಿತ್ತಲ್ಲ ಅಂತ ಬೈಸಿಕೊಳ್ಳೋಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದೆ. ಅಪ್ಪ ನೋಡಿದ್ರೆ ಬಗ್ಗಿ ಸೈಲೆನ್ಸರ್ ಹತ್ತಿರ ಕಿವಿ ಕೊಟ್ಟಿದ್ದಾರೆ!

ಗುಂಡ ಅಂದ್ರೆ ನನ್ನ ಬೈಕು. ಹಾರ್ಲೆ-ಡೇವಿಡ್‌ಸನ್ ಕಂಪನಿಯವರು ಇಟ್ಟ ಹೆಸರು ಫ್ಯಾಟ್ ಬಾಯ್. ಅದನ್ನ ಕನ್ನಡಕ್ಕೆ ತಂದ್ರೆ ಗುಂಡ ಅಲ್ಲದೆ ಇನ್ನೇನಾಗುತ್ತೆ ಹೇಳಿ? 2005ರ ಮಾಡೆಲ್, 1450 ಸಿಸಿ, ಎರಡು ಸಿಲಿಂಡರು, ಮೈಭಾರ 300 ಕೆಜಿಗೂ ಮೇಲೆ. ಚಕ್ರಗಳಿಗೆ ಕಡ್ಡಿಗಳಿಲ್ಲ, ಎರಡೂ ಇಡೀ ತಟ್ಟೆ. 1991ರ ಟರ್ಮಿನೇಟರ್ 2 ಸಿನಿಮಾದಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕಾಲುವೆಯೊಳಗೆ ಹಾರಿಸ್ತಾನಲ್ಲ, ಅದರದ್ದೇ ವಂಶ. ಅವನ ಮೈಕಟ್ಟಿಗೆ ಅದು ಸರಿಹೋಗಿತ್ತು. ನನ್ನ ಮೈಕಟ್ಟಿನ ವಿಷಯ ಬೇಡ ಬಿಡಿ, ನಾನು ಸ್ಯಾಡಲ್ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ ಇಟ್ಕೊಂಡು ಹೋಗೋ ಪೈಕಿ :-)

ಬಚ್ಚಿಟ್ಟಿದ್ದು ಯಾಕೆ ಅಂತ ಹೇಳಬೇಕು. ಅದಕ್ಕೆ 1993ಕ್ಕೆ ಹೋಗಬೇಕು.

ಅಪ್ಪ ನಂಜನಗೂಡಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಮನೆ ಮೈಸೂರು. ದಿನಾ ಯೆಜ್ಡಿಯಲ್ಲೇ ಓಡಾಟ. ಆಗ ಮೈಸೂರಿನವರಿಗೆ ಯೆಜ್ಡಿ ಅಂದ್ರೆ ಬರೀ ಬೈಕಲ್ಲ, ಮನೆಮಗ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿ ನಮ್ಮ ಕಣ್ಣೆದುರೇ ಬೆಳೆದ ಗಾಡಿ ಅದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರು! ಸಂಜೆ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದ ಮೇಲೇನೇ ಅಮ್ಮ ಹುಳಿ ಬಿಸಿಗಿಡುತ್ತಿದ್ದಳು. ಗಡಿಯಾರ ನೋಡ್ತಾನೇ ಇರಲಿಲ್ಲ.

ಒಂದು ಸಂಜೆ ಆ ಸದ್ದು ಬರಲಿಲ್ಲ. ಮಬ್ಬುಗತ್ತಲಲ್ಲಿ ಕಬ್ಬು ತುಂಬಿದ ಎತ್ತಿನಗಾಡಿ, ಹಿಂದೆ ಒಂದು ಲಾಟೀನೂ ಇಲ್ಲ. ಅಪ್ಪ ನೇರ ಹೋಗಿ ಗುದ್ದಿದ್ದರು. ಮನೆಯಲ್ಲಿ ಫೋನಿರಲಿಲ್ಲ. ರಾತ್ರಿ ಒಂಬತ್ತಾದ ಮೇಲೆ ಯಾರೋ ಬಂದು ಸುದ್ದಿ ಹೇಳೋವರೆಗೆ ಅಮ್ಮ ಗೇಟು ಹಿಡ್ಕೊಂಡು ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಬಲಗಾಲಿಗೆ ರಾಡ್ ಹಾಕಿದರು. ಇವತ್ತಿಗೂ ಮೆಟ್ಟಿಲು ಹತ್ತುವಾಗ ಕುಂಟುತ್ತಾರೆ. ಯೆಜ್ಡಿಯನ್ನ ರಿಪೇರಿ ಮಾಡಿಸಲಿಲ್ಲ, ಮಾರಲೂ ಇಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ಕೊಂಡು ನಿಂತಿದೆ. ನಾನು ಕಾಲೇಜು ಸೇರೋ ದಿನ ಅಮ್ಮ ದೇವರ ಮುಂದೆ ನಿಲ್ಲಿಸಿ ಬೈಕ್ ಮುಟ್ಟಲ್ಲ ಅಂತ ಆಣೆ ಹಾಕಿಸಿಕೊಂಡಳು.

ಆಣೆ ಮುರಿದಿದ್ದು 2018ರ ಅಕ್ಟೋಬರಿನಲ್ಲಿ. ಇದರಲ್ಲಿ ತಪ್ಪು ನನ್ನದೊಂದೇ ಅಲ್ಲ, ಊರಿನದೂ ಇದೆ. ನಾನಿರೋದು ವಿಸ್ಕಾನ್ಸಿನ್‌ನ ಮಿಲ್ವಾಕಿ ಹತ್ತಿರ. 1903ರಲ್ಲಿ ಹಾರ್ಲೆ ಶುರುವಾಗಿದ್ದು ಇದೇ ಊರಿನ ಒಂದು ಮನೆಯ ಹಿತ್ತಲಲ್ಲಿ, ಹತ್ತಡಿಗೆ ಹದಿನೈದಡಿಯ ಮರದ ಶೆಡ್ಡಿನಲ್ಲಿ. ಇಲ್ಲಿ ಏಪ್ರಿಲ್‌ನಲ್ಲಿ ಹಿಮ ಕರಗಿದ ತಕ್ಷಣ ಕೋಗಿಲೆ ಬದಲು ಇವೇ ಕೂಗೋದು. ಎಷ್ಟು ವರ್ಷ ಅಂತ ಕಿವಿ ಮುಚ್ಚಿಕೊಂಡಿರಲಿ? ಚಳಿಗಾಲಕ್ಕೆ ಮುಂಚೆ ಹಳೇ ಬೈಕುಗಳ ಬೆಲೆ ಇಳಿಯುತ್ತೆ. ರಿಟೈರಾದ ಒಬ್ಬ ಅಜ್ಜ ಮಾರ್ತಿದ್ದ, ತಗೊಂಡೆ. ತಂದು ಗ್ಯಾರೇಜಿನಲ್ಲಿ ನಿಲ್ಲಿಸಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಆರು ತಿಂಗಳು ಬರೀ ಒರೆಸಿದೆ. ನನ್ನವಳು ಮೂರು ಷರತ್ತು ಹಾಕಿದಳು. ಒಂದು, ಇಲ್ಲಿ ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯ ಇಲ್ಲದಿದ್ದರೂ ನಾನು ಹಾಕಲೇಬೇಕು. ಎರಡು, ತರಬೇತಿಗೆ ಹೋಗಬೇಕು. ಮೂರನೆಯದು, ಮುಸ್ಸಂಜೆಗೆ ಮುಂಚೆ ಮನೆ ಸೇರಬೇಕು. ಇಲ್ಲಿ ಎತ್ತಿನಗಾಡಿ ಇಲ್ಲ, ಆದರೆ ಆ ಹೊತ್ತಿಗೆ ಜಿಂಕೆಗಳು ರಸ್ತೆಗೆ ನೆಗೀತವೆ.

ತರಬೇತಿ ಅಂದ್ರೆ ವಾರಾಂತ್ಯದಲ್ಲಿ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಚಿಕ್ಕ ಬೈಕುಗಳ ಮೇಲೆ ಸುತ್ತು ಹೊಡೆಯೋದು. ಪಾಸಾದರೆ ಲೈಸೆನ್ಸಿಗೆ ಬೇರೆ ಓಡಿಸಿ ತೋರಿಸೋ ಹಾಗಿಲ್ಲ. ಅಲ್ಲಿ ಗೊತ್ತಾಗಿದ್ದು ಒಂದು ವಿಚಿತ್ರ. ವೇಗದಲ್ಲಿದ್ದಾಗ ಬಲಕ್ಕೆ ತಿರುಗಬೇಕಾದರೆ ಬಲಗಡೆ ಹ್ಯಾಂಡಲನ್ನ ಮುಂದಕ್ಕೆ ತಳ್ಳಬೇಕು. ಅಂದ್ರೆ ಚಕ್ರ ಒಂದು ಕ್ಷಣ ಎಡಕ್ಕೆ ತಿರುಗುತ್ತೆ, ಗಾಡಿ ಬಲಕ್ಕೆ ವಾಲುತ್ತೆ. ಅಪ್ಪನೂ ಅಷ್ಟು ವರ್ಷ ಹಾಗೇ ಮಾಡಿರ್ತಾರೆ, ಸೈಕಲ್ ಓಡಿಸೋ ಹುಡುಗರೂ ಮಾಡ್ತಾರೆ, ಯಾರಿಗೂ ಗೊತ್ತಿರಲ್ಲ ಅಷ್ಟೇ.

ಆದರೆ ಗುಂಡನ ಜೊತೆ ಕಷ್ಟ ವೇಗದಲ್ಲಿಲ್ಲ. ಗಂಟೆಗೆ 60 ಮೈಲಿಯಲ್ಲಿ ಅವನು ಆನೆ ಮೇಲಿನ ಅಂಬಾರಿ, ಸುಮ್ಮನೆ ಕೂತಿದ್ದರೆ ಸಾಕು. ಕಷ್ಟ ಇರೋದು ನಡೆಯೋ ವೇಗದಲ್ಲಿ. 2019ರ ಜೂನ್‌ನಲ್ಲಿ ಪೆಟ್ರೋಲ್ ಬಂಕಿನಲ್ಲಿ ಯೂ ಟರ್ನ್ ಹೊಡೀತಿದ್ದೆ. ಅಡ್ಡ ಒಂದು ಕಾರು ಬಂತು. ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕು ಹಿಡಿದೆ. ಅಷ್ಟೇ! ಗುಂಡ ನಿಧಾನಕ್ಕೆ, ಮದುವೆಮನೆಯಲ್ಲಿ ಊಟ ಜಾಸ್ತಿಯಾದ ಮಾವನ ಹಾಗೆ, ಬಲಕ್ಕೆ ಒರಗಿದ. ಕಾಲೂರಿ ತಡೆಯೋಕೆ ನೋಡಿದೆ. 300 ಕೆಜಿ ಒರಗಬೇಕು ಅಂತ ತೀರ್ಮಾನ ಮಾಡಿದ ಮೇಲೆ ನಾವು ಯಾರು ತಡೆಯೋಕೆ? ಪಕ್ಕಕ್ಕೆ ಹಾರಿ ಕಾಲು ಉಳಿಸ್ಕೊಂಡೆ. ಬಲಗಾಲು, ಗಮನಿಸಿ.

ಎತ್ತೋಕೆ ಹೋದರೆ ಅಲ್ಲಾಡಲಿಲ್ಲ. ಆಗ ತನ್ನ ಬೈಕಿಗೆ ಪೆಟ್ರೋಲ್ ಹಾಕಿಸ್ತಿದ್ದ ಅರವತ್ತು ದಾಟಿದ ಒಬ್ಬ ಹೆಂಗಸು ಬಂದಳು. ನನ್ನ ಅರ್ಧದಷ್ಟಿದ್ದಳು. ಮೊದಲು ಇಂಜಿನ್ ಆಫ್ ಮಾಡಿಸಿ ಗೇರಿಗೆ ಹಾಕಿಸಿದಳು, ಹೊರಳಿ ಆ ಕಡೆಗೆ ಬೀಳದಿರಲಿ ಅಂತ ಸೈಡ್ ಸ್ಟ್ಯಾಂಡ್ ಮೊದಲೇ ತೆಗೆಸಿದಳು. ಆಮೇಲೆ ಬೈಕಿಗೆ ಬೆನ್ನು ಮಾಡಿ ನಿಂತು, ಸೀಟಿಗೆ ಹಿಂಭಾಗ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಸೀಟಿನ ಕೆಳಗಿನ ಕಬ್ಬಿಣ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕು ಅಂದಳು. ತೋಳಲ್ಲ, ತೊಡೆ ಕೆಲಸ ಮಾಡಬೇಕು. ಎದ್ದ ಗುಂಡ! ಇಂಜಿನ್ ಗಾರ್ಡಿನ ಮೇಲೆ ಒಂದು ಗೀರು ಬಿಟ್ಟರೆ ಅವನಿಗೇನೂ ಆಗಿರಲಿಲ್ಲ. ನನಗೆ ಮಾತ್ರ ಎರಡು ವಾರ ಅವನ ಹತ್ತಿರ ಹೋಗೋಕೆ ಕಾಲು ಬರಲಿಲ್ಲ. ಅಮ್ಮನ ಫೋನ್ ಬಂದಾಗಲೆಲ್ಲ ಧ್ವನಿ ನಡುಗುತ್ತಾ ಅಂತ ಭಯ.

ಕೋವಿಡ್ ಎಲ್ಲ ಮುಗಿದು 2022ರ ಜೂನ್‌ನಲ್ಲಿ ಅಪ್ಪ ಅಮ್ಮ ಬಂದರು. ಗುಂಡನಿಗೆ ಬಟ್ಟೆ ಹೊದಿಸಿ, ಮೇಲೆ ಎರಡು ಅಟ್ಟೆಪೆಟ್ಟಿಗೆ ಇಟ್ಟು, ಬಾರ್ಬೆಕ್ಯೂ ಒಲೆ ಅಂತ ಹೇಳಿದ್ದೆ. ಮೂರನೇ ದಿನ ಅಮ್ಮ ನನ್ನವಳ ಜೊತೆ ದೇವಸ್ಥಾನಕ್ಕೆ ಹೋಗಿದ್ದಾಗ ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಂದು ಕೇಳಿದರು, "ಈ ಊರಲ್ಲಿ ಒಲೆಗೂ ಎರಡು ಚಕ್ರ ಇರುತ್ತೇನೋ?"

ಬಟ್ಟೆ ತೆಗೆದೆ. ಅಪ್ಪ ಒಂದು ಸುತ್ತು ಬಂದರು. "ಕಿಕ್ಕರ್ ಎಲ್ಲಿ?" ಇಲ್ಲ ಅಪ್ಪ, ಬಟನ್ನೇ. "ಚೈನ್ ಎಲ್ಲಿ?" ಬೆಲ್ಟು. "ಹಿಟ್ಟಿನ ಗಿರಣಿ ಥರಾನಾ?" ಚೋಕ್ ಎಳೆದು ಸ್ಟಾರ್ಟ್ ಮಾಡಿದೆ. ಆಗಲೇ ಆ ಮಿಸ್ಸಿಂಗ್ ಮಾತು ಬಂದಿದ್ದು.

ಮಿಸ್ಸಿಂಗ್ ಅಲ್ಲ, ಹಾರ್ಲೆಯ ಸದ್ದೇ ಹಾಗೆ. ಎರಡು ಸಿಲಿಂಡರುಗಳ ಮಧ್ಯೆ 45 ಡಿಗ್ರಿ ಕೋನ, ಆದರೆ ಎರಡೂ ಪಿಸ್ಟನ್ನುಗಳ ಕನೆಕ್ಟಿಂಗ್ ರಾಡುಗಳು ಸೇರೋದು ಕ್ರ್ಯಾಂಕಿನ ಒಂದೇ ಪಿನ್ನಿಗೆ. ಕ್ರ್ಯಾಂಕು ಎರಡು ಸುತ್ತು, ಅಂದ್ರೆ 720 ಡಿಗ್ರಿ ತಿರುಗೋದರೊಳಗೆ ಎರಡೂ ಒಂದೊಂದು ಸಲ ಸಿಡಿಯಬೇಕು. ಸಮವಾಗಿ ಹಂಚಿದ್ದರೆ 360, 360. ಆದರೆ ಆ ಕೋನದ ದೆಸೆಯಿಂದ ಒಂದು ಸಿಡಿತಕ್ಕೂ ಮುಂದಿನದಕ್ಕೂ 315 ಡಿಗ್ರಿ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ 405. ಹಾಗಾಗಿ ಢಬ್‌ಢಬ್... ಢಬ್‌ಢಬ್... ಅಂತ ಕುಂಟುತ್ತೆ. ಇಲ್ಲಿಯವರ ಕಿವಿಗೆ ಅದು 'ಪೊಟೇಟೋ ಪೊಟೇಟೋ' ಅಂತ ಕೇಳುತ್ತಂತೆ. 1994ರಲ್ಲಿ ಕಂಪನಿಯವರು ಈ ಸದ್ದಿಗೇ ಟ್ರೇಡ್‌ಮಾರ್ಕ್ ಕೊಡಿ ಅಂತ ಅರ್ಜಿ ಹಾಕಿದ್ದರು. ಬೇರೆ ಬೈಕ್ ಕಂಪನಿಗಳು ತಕರಾರು ತೆಗೆದು, ಆರು ವರ್ಷ ಎಳೆದಾಡಿ, 2000ದಲ್ಲಿ ಕೈಬಿಟ್ಟರು.

ಅಪ್ಪ ಕಣ್ಣು ಮುಚ್ಚಿ ಬೆರಳು ಮಡಚಿದರು. "ನಲವತ್ತೈದೇಳ್ಲ 315. ನಲವತ್ತೈದೊಂಬತ್ಲ 405. ಏಳೂ ಒಂಬತ್ತೂ ಹದಿನಾರು. ಲೆಕ್ಕ ಸರಿಯಾಗೇ ಇದೆ ಕಣೋ." ಆಮೇಲೆ ರಾಡ್ ಹಾಕಿದ ಕಾಲನ್ನ ಕೈಯಿಂದ ಎತ್ತಿ ಆ ಕಡೆ ಹಾಕಿ ಗುಂಡನ ಮೇಲೆ ಕೂತರು. ಸೀಟು ತಗ್ಗಿನಲ್ಲಿರೋದರಿಂದ ಕಷ್ಟವಾಗಲಿಲ್ಲ. ಸುಮಾರು ಹೊತ್ತು ಇಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆಗಿತ್ತು, ಅವರು ಒಂದು ಬೈಕಿನ ಮೇಲೆ ಕೂತು.

"ಅಮ್ಮಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ" ಅಂದರು. ಎರಡು ವಾರ ಹೇಳಲಿಲ್ಲ. ಮೇಷ್ಟ್ರಿಗೂ ಧೈರ್ಯ ಇಲ್ಲ!

ಕೊನೆಗೆ ಅಪ್ಪ ಮಾಡಿದ ಉಪಾಯ, ಎಲ್ಲರೂ ಮಿಲ್ವಾಕಿಯ ಹಾರ್ಲೆ ಮ್ಯೂಸಿಯಮ್ಮಿಗೆ ಹೋಗೋದು. ದಾರಿಯಲ್ಲಿ ನಾನೂ ಪೀಠಿಕೆ ಹಾಕಿದೆ. 2007ರಲ್ಲಿ ಅಮೆರಿಕ ನಮ್ಮ ಮಾವಿನಹಣ್ಣನ್ನ ಒಳಗೆ ಬಿಟ್ಟುಕೊಂಡಿತು, ನಮ್ಮ ಸರ್ಕಾರ ಹಾರ್ಲೆಗೆ ದಾರಿ ಬಿಟ್ಟಿತು ಅಂತ. ಅಮ್ಮ, "ಒಂದು ಬೈಕಿಗೆ ಎಷ್ಟು ಡಜನ್ ಕೊಟ್ಟರಂತೆ?" ಅಂದಳು. ಒಳಗೆ ಅಪ್ಪ ಅತ್ಯಂತ ಹಳೇ ಬೈಕಿನ ಮುಂದೆ, ಇಂಜಿನ್ನುಗಳ ಮುಂದೆ ಮೈಮರೆತರು. ಅಮ್ಮ ಬೆಂಚು ಹುಡುಕ್ತಿದ್ದಳು.

ಅಮ್ಮ ನಿಂತಿದ್ದು ಒಂದೇ ಕಡೆ. ಗಾಜಿನ ಹಿಂದೆ ತುಕ್ಕು ಹಿಡಿದು, ಬಣ್ಣ ಕಿತ್ತುಹೋಗಿದ್ದ ಒಂದು ಬೈಕು. 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿ ಅದನ್ನ ಎತ್ತಿಕೊಂಡು ಹೋಯ್ತು. ಒಂದು ವರ್ಷದ ಮೇಲೆ ಪೆಸಿಫಿಕ್ ಸಾಗರದ ಈ ಕಡೆ, ಕೆನಡಾದ ಗ್ರಹಾಂ ದ್ವೀಪದ ದಡದಲ್ಲಿ ಸಿಕ್ಕಿತು. ಹೊಸದರ ಹಾಗೆ ಮಾಡಿಕೊಡ್ತೀವಿ ಅಂತ ಕಂಪನಿಯವರು ಹೇಳಿದರೂ ಅದರ ಯಜಮಾನ ಬೇಡ ಅಂದನಂತೆ. ಸುನಾಮಿಯಲ್ಲಿ ಮನೆಯ ಮೂವರನ್ನ ಕಳ್ಕೊಂಡಿದ್ದವನು. ಸತ್ತವರ ನೆನಪಿಗೆ ಹೀಗೇ ಇಟ್ಟುಬಿಡಿ ಅಂದನಂತೆ. ನಾನು ಓದಿ ಹೇಳಿದೆ. ಅಮ್ಮ ಮಾತಾಡಲಿಲ್ಲ. ಅಪ್ಪ ಗಂಟಲು ಸರಿಮಾಡ್ಕೊಂಡು, "ಲೇ, ಇಂಥದ್ದೊಂದು ಇವನ ಹತ್ರಾನೂ ಇದೆ" ಅಂದುಬಿಟ್ಟರು. ಇಡೀ ಮ್ಯೂಸಿಯಮ್ಮಿನಲ್ಲಿ ಬೇರೆ ಜಾಗವೇ ಸಿಗಲಿಲ್ಲವಾ ಇವರಿಗೆ?

ಮೂರು ದಿನ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಹಾಕ್ತಿದ್ದಳು, ಬಡಿಸ್ತಿದ್ದಳು, ಮಾತಿಲ್ಲ. ನಾನು ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಗ್ಯಾರೇಜಿಗೆ ಬಂದು, "ಶುರು ಮಾಡು" ಅಂದಳು. ಮಾಡಿದೆ. ಬಾಗಿಲಲ್ಲೇ ನಿಂತು ಕೇಳಿದಳು. "ಬೀದಿ ತಿರುವಿಗೆ ಹೋಗಿ ಬಾ." ಹೆಲ್ಮೆಟ್ ಹಾಕ್ಕೊಂಡು ಹೋಗಿ ಬಂದೆ. ಅಮ್ಮ ಅಡುಗೆಮನೆಗೆ ಹೋಗಿ ನಿಂತಿದ್ದಳು. "ಇಲ್ಲಿಗೆ ಕೇಳುತ್ತೆ" ಅಂದಳು. ಅಷ್ಟೇ.

ನಾನು ಫೋಟೋ ಅಳಿಸಿದೆ.

ಈಗಲೂ ಭಾನುವಾರ ಸಂಜೆ ಕೆಟಲ್ ಮೊರೇನ್ ಕಾಡುದಾರಿಯಲ್ಲಿ ಒಂದು ಸುತ್ತು ಹೋಗಿ, ಏಳು ಗಂಟೆಗೆ ಮುಂಚೆ ಮನೆ ಸೇರ್ತೀನಿ. ಆಗ ಮೈಸೂರಿನಲ್ಲಿ ಸೋಮವಾರದ ಐದೂವರೆ, ಅಮ್ಮ ಬಾಗಿಲಿಗೆ ನೀರು ಹಾಕೋ ಹೊತ್ತು. ಗ್ಯಾರೇಜಿನ ಮುಂದೆ ನಿಲ್ಲಿಸಿ, ಇಂಜಿನ್ ಓಡ್ತಿರುವಾಗಲೇ ಫೋನ್ ಮಾಡಬೇಕು. ಅದು ಅವಳ ಷರತ್ತು. ಒಂದು ನಿಮಿಷ ಕೇಳಿಸ್ಕೊಂಡು, "ಹೂಂ, ಈಗ ಆಫ್ ಮಾಡು" ಅಂತಾಳೆ. ಆಫಾದ ಮೇಲೇನೇ ಊಟ ತಿಂಡಿ ಮಾತು. ಹಿಂದಿನಿಂದ ಅಪ್ಪ ಕೂಗ್ತಾ ಇರ್ತಾರೆ, "ಕೇಳು ಅವನ್ನ, ಇನ್ನೂ ಮಿಸ್ಸಿಂಗ್ ಹೊಡೀತಿದೆಯಾ ಅಂತ!"